ಪೊಲೀಸರು ಗುಟ್ಟಾಗಿ ನಮ್ಮ ಕಂಪ್ಯೂಟರಿನೊಳಗೆ ಬರಬಹುದೇ? ವಾರಂಟ್ ಇದ್ದರೆ ಸಾಕೇ?

ಪ್ರಶ್ನೆ: ಮಾಲೀಕರಿಗೆ ತಿಳಿಯದಂತೆ ಅಂತರ್ಜಾಲದ ಮೂಲಕ ಅವರ ಕಂಪ್ಯೂಟರಿನೊಳಗೆ ಹೋಗಿ, ಅಲ್ಲಿರುವ ಕಡತಗಳನ್ನೂ ಪತ್ರಗಳನ್ನೂ ನೋಡುವ ಅಧಿಕಾರವನ್ನು ಹಲವು ದೇಶಗಳು ಪೊಲೀಸರಿಗೆ ಕೊಟ್ಟಿವೆ ಎಂದು ಓದಿದೆ. ವಾರಂಟ್ ತಂದರೆ ಪೊಲೀಸರು ಮನೆಯನ್ನೇ ಶೋಧಿಸುತ್ತಾರೆ, ಕಂಪ್ಯೂಟರನ್ನು ಶೋಧಿಸಿದರೆ ತಪ್ಪೇನು, ತಪ್ಪು ಮಾಡದವರಿಗೆ ಭಯವೇಕೆ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈ ಹೋಲಿಕೆ ಸರಿಯೇ? ನ್ಯಾಯಾಧೀಶರ ಅನುಮತಿಯೊಂದಿದ್ದರೆ ಸಾಕೇ? ನಮ್ಮಂಥವರು ಏನು ಮಾಡಬಹುದು?

ಉತ್ತರ: ನಿಮ್ಮ ಸಹೋದ್ಯೋಗಿಗಳ ವಾದದಲ್ಲಿ ಅರ್ಧ ಸತ್ಯವಿದೆ. ಪೊಲೀಸರಿಗೆ ಇಂಥ ಅಧಿಕಾರ ಯಾವ ಕಾಲಕ್ಕೂ ಬೇಡ ಎಂದು ನಾನು ಹೇಳುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಜಾಲಗಳು, ಅಪಹರಣ, ಭಯೋತ್ಪಾದಕ ದಾಳಿಯ ಸಂಚು ಇಂಥ ಪ್ರಕರಣಗಳಲ್ಲಿ ಬೇರೆ ದಾರಿಗಳೆಲ್ಲ ಮುಚ್ಚಿಹೋಗಿರುವುದು ಉಂಟು. ಆದರೆ ಮನೆಯ ಶೋಧನೆಗೆ ಸಾಕಾಗುವ ವಾರಂಟ್ ಗುಪ್ತ ಗಣಕ ಶೋಧನೆಗೂ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ನ್ಯಾಯಾಧೀಶರ ಸಹಿ ಒಳಗೆ ಹೋಗುವುದಕ್ಕೆ ಮಾತ್ರ ಅನುಮತಿ ಕೊಡುತ್ತದೆ. ಒಳಗೆ ಹೋದವರು ಏನು ಮಾಡಿದರು ಎಂಬುದನ್ನು ಪೊಲೀಸರಲ್ಲದ ಇನ್ನೊಬ್ಬರು ಆಮೇಲೆ ಪರಿಶೀಲಿಸಲು ಸಾಧ್ಯವಾಗದಿದ್ದರೆ ನಾಗರಿಕರ ಖಾಸಗಿತನವೂ ಉಳಿಯುವುದಿಲ್ಲ, ಪೊಲೀಸರು ತಂದ ಸಾಕ್ಷ್ಯಕ್ಕೂ ಬೆಲೆ ಉಳಿಯುವುದಿಲ್ಲ. ಏಕೆ ಹೀಗೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲಿಗೆ, ಪೊಲೀಸರು ಇದನ್ನು ಕೇಳುತ್ತಿರುವುದೇಕೆ ಎಂಬುದನ್ನು ನ್ಯಾಯವಾಗಿ ನೋಡೋಣ. ಹಿಂದೆ ದೂರವಾಣಿ ಕಂಪನಿಗೆ ಆದೇಶ ಕೊಟ್ಟರೆ ಸಂಭಾಷಣೆ ಕೇಳಿಸಿಕೊಳ್ಳಬಹುದಿತ್ತು. ಈಗ ಸಂದೇಶಗಳು ಕಳಿಸುವವರ ಸಾಧನದಲ್ಲೇ ಗೂಢಲಿಪಿಯಾಗಿ ಹೊರಟು, ಪಡೆಯುವವರ ಸಾಧನದಲ್ಲಿ ಮಾತ್ರ ಬಿಡಿಸಿಕೊಳ್ಳುತ್ತವೆ. ನಡುದಾರಿಯಲ್ಲಿ ಕೈಹಾಕಿದವರಿಗೆ ಅರ್ಥವಿಲ್ಲದ ಅಕ್ಷರರಾಶಿಯಲ್ಲದೆ ಬೇರೇನೂ ಸಿಗುವುದಿಲ್ಲ. ಜಪ್ತಿ ಮಾಡಿ ತಂದ ಲ್ಯಾಪ್‌ಟಾಪಿನ ಡಿಸ್ಕ್ ಕೂಡ ಅನೇಕ ಬಾರಿ ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಗೂಢಲಿಪಿಯಲ್ಲಿರುತ್ತದೆ. ಬಳಕೆದಾರರ ಗುರುತನ್ನು ಮರೆಮಾಡುವ ಟಾರ್‌ನಂಥ ಜಾಲದ ಹಿಂದೆ ಕುಳಿತವರು ಯಾವ ದೇಶದಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಹೀಗಾಗಿ ಮಾಹಿತಿಯು ಓದುವ ಸ್ಥಿತಿಯಲ್ಲಿರುವ ಒಂದೇ ಜಾಗ ಉಳಿಯಿತು, ಅದು ಬಳಕೆದಾರರು ಲಾಗಿನ್ ಆಗಿ ಕೆಲಸ ಮಾಡುತ್ತಿರುವ ಸಾಧನ. ಆ ಕ್ಷಣದಲ್ಲಿ ಅಲ್ಲಿರಬೇಕು ಎಂಬುದು ಪೊಲೀಸರ ಬೇಡಿಕೆ. ಇದರಲ್ಲಿ ತರ್ಕವಿದೆ, ಕಪಟವೇನೂ ಇಲ್ಲ.

ಒಳಗೆ ಹೋಗುವುದು ಹೇಗೆ? ಕೆಲವೊಮ್ಮೆ ಮನೆಗೋ ಕಚೇರಿಗೋ ಗುಟ್ಟಾಗಿ ನುಗ್ಗಿ ಯಂತ್ರಕ್ಕೆ ಕೈಯಾರೆ ತಂತ್ರಾಂಶ ಹಾಕುತ್ತಾರೆ. ಕೆಲವೊಮ್ಮೆ ನಂಬುವಂಥ ಇಮೇಲ್ ಕಳಿಸಿ ಅದರೊಳಗಿನ ಕಡತವನ್ನು ತೆರೆಯುವಂತೆ ಮಾಡುತ್ತಾರೆ. ಇನ್ನು ಕೆಲವೊಮ್ಮೆ ಬ್ರೌಸರಿನಲ್ಲೋ ಕಾರ್ಯಾಚರಣಾ ವ್ಯವಸ್ಥೆಯಲ್ಲೋ ತಯಾರಕರಿಗೇ ಗೊತ್ತಿಲ್ಲದ ದೋಷವೊಂದನ್ನು ಬಳಸಿ, ಬಳಕೆದಾರರು ಏನನ್ನೂ ಒತ್ತದೆಯೇ ಒಳಸೇರುತ್ತಾರೆ. ಸೇರಿದ ಮೇಲೆ ಆ ತಂತ್ರಾಂಶ ಕಡತಗಳ ಪಟ್ಟಿ ಮಾಡಬಲ್ಲದು, ಒತ್ತಿದ ಪ್ರತಿಯೊಂದು ಕೀಲಿಯನ್ನೂ ದಾಖಲಿಸಬಲ್ಲದು, ಪರದೆಯ ಚಿತ್ರ ತೆಗೆಯಬಲ್ಲದು, ಮೈಕನ್ನೂ ಕ್ಯಾಮೆರಾವನ್ನೂ ಚಾಲೂ ಮಾಡಬಲ್ಲದು. ಅಪರಾಧಿಗಳು ಬಳಸುವ ಕುತಂತ್ರಾಂಶಕ್ಕೂ ಇದಕ್ಕೂ ತಾಂತ್ರಿಕವಾಗಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಯಾರ ಅನುಮತಿಯಿಂದ, ಯಾವ ಮಿತಿಯಲ್ಲಿ, ಯಾರ ಉಸ್ತುವಾರಿಯಲ್ಲಿ ಅದು ನಡೆಯುತ್ತದೆ ಎಂಬುದರಲ್ಲಿ ಮಾತ್ರ. ಆದ್ದರಿಂದಲೇ ಆ ಮೂರೂ ಗಟ್ಟಿಯಾಗಿರಬೇಕು.

ಈಗ ಮನೆಯ ಹೋಲಿಕೆಗೆ ಬರೋಣ. ಪೊಲೀಸರು ಮನೆ ಶೋಧಿಸುವಾಗ ಬಾಗಿಲು ತಟ್ಟುತ್ತಾರೆ, ವಾರಂಟ್ ತೋರಿಸುತ್ತಾರೆ, ಮನೆಯವರು ಎದುರಿಗಿರುತ್ತಾರೆ, ಸಾಕ್ಷಿಗಳ ಮುಂದೆ ಪಂಚನಾಮೆ ಬರೆದು ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಹಾಕಿಸುತ್ತಾರೆ. ಪಟ್ಟಿಯಲ್ಲಿ ತಪ್ಪಿದ್ದರೆ ಆಗಲೇ ಹೇಳಬಹುದು, ಮರುದಿನ ವಕೀಲರ ಬಳಿಗೆ ಹೋಗಬಹುದು. ಶೋಧನೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಆ ದಿನ ಮನೆಯಲ್ಲಿ ಏನಿತ್ತೋ ಅಷ್ಟಕ್ಕೇ ಸೀಮಿತವಾಗಿರುತ್ತದೆ. ಗುಪ್ತ ಗಣಕ ಶೋಧನೆಯಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅದು ವಾರಗಟ್ಟಲೆ ನಡೆಯಬಹುದು. ಈಗಾಗಲೇ ಬರೆದಿಟ್ಟದ್ದರ ಜೊತೆಗೆ ಇನ್ನು ಮುಂದೆ ಬರೆಯುವುದನ್ನೂ, ಬರೆದು ಕಳಿಸದೆ ಅಳಿಸಿಹಾಕಿದ ವಾಕ್ಯವನ್ನೂ ಅದು ನೋಡುತ್ತದೆ. ತಪ್ಪು ನಡೆದಾಗ ಆಕ್ಷೇಪಿಸಲು ಅಲ್ಲಿ ಯಾರೂ ಇರುವುದಿಲ್ಲ, ಏಕೆಂದರೆ ಆಕ್ಷೇಪಿಸಬೇಕಾದವರಿಗೆ ಸಂಗತಿಯೇ ತಿಳಿದಿರುವುದಿಲ್ಲ.

ವಿಸ್ತಾರದ ಮಾತೂ ಇದೆ. ಒಬ್ಬರ ಕಂಪ್ಯೂಟರಿನಲ್ಲಿ ಒಬ್ಬರದೇ ಬದುಕು ಇರುವುದಿಲ್ಲ. ಅದೇ ಯಂತ್ರದಲ್ಲಿ ಹೆಂಡತಿ ವೈದ್ಯರಿಗೆ ಬರೆದ ಪತ್ರವಿರುತ್ತದೆ, ಮಗಳ ದಿನಚರಿಯಿರುತ್ತದೆ, ಗೆಳೆಯರು ನಂಬಿಕೆಯಿಂದ ಹೇಳಿಕೊಂಡ ಸಂಕಟಗಳಿರುತ್ತವೆ. ವಕೀಲರದಾದರೆ ಕಕ್ಷಿದಾರರೆಲ್ಲರ ಕಡತಗಳೂ, ಪತ್ರಕರ್ತರದಾದರೆ ಅವರಿಗೆ ಸುದ್ದಿ ಕೊಟ್ಟವರ ಹೆಸರುಗಳೂ ಇರುತ್ತವೆ. ಇವರ ಮೇಲೆಲ್ಲ ಯಾವ ಅನುಮಾನವೂ ಇಲ್ಲ, ಯಾವ ವಾರಂಟಿನಲ್ಲೂ ಅವರ ಹೆಸರಿಲ್ಲ. ‘ತಪ್ಪು ಮಾಡದವರಿಗೆ ಭಯವೇಕೆ’ ಎಂಬ ಮಾತಿಗೆ ನನ್ನ ಮೊದಲ ಉತ್ತರ ಇದೇ: ಇಲ್ಲಿ ಬಯಲಾಗುವವರಲ್ಲಿ ಹೆಚ್ಚಿನವರು ತಪ್ಪು ಮಾಡದವರೇ. ತಮ್ಮ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಿರಬಹುದು ಎಂಬ ಅನುಮಾನ ಒಮ್ಮೆ ಮನಸ್ಸಿಗೆ ಬಂದರೆ ಜನರು ವೈದ್ಯರಿಗೂ ವಕೀಲರಿಗೂ ಹೇಳಬೇಕಾದ್ದನ್ನು ಹೇಳದೆ ಉಳಿಯುತ್ತಾರೆ. ಆ ನಷ್ಟಕ್ಕೆ ಎಲ್ಲಿಯೂ ಲೆಕ್ಕ ಇಡಲಾಗುವುದಿಲ್ಲ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದ್ದು ಜರ್ಮನಿಯ ನ್ಯಾಯಾಲಯಗಳು. ಗುಪ್ತ ಗಣಕ ಶೋಧನೆಗೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಸಾಮಾನ್ಯ ಶೋಧನಾ ನಿಯಮಗಳು ಆಧಾರವಾಗಲಾರವು ಎಂದು ಅಲ್ಲಿನ ಫೆಡರಲ್ ನ್ಯಾಯಾಲಯ 2007ರ ಜನವರಿಯಲ್ಲಿ ಹೇಳಿತು. ಆ ನಿಯಮಗಳು ಬಹಿರಂಗವಾಗಿ ನಡೆಯುವ ಶೋಧನೆಗಾಗಿ ರೂಪುಗೊಂಡವು ಎಂಬುದು ಅದರ ಕಾರಣ. ಅಷ್ಟರಲ್ಲಿ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯವು ತನ್ನ ಆಂತರಿಕ ಗುಪ್ತಚರ ಸಂಸ್ಥೆಗೆ ನಾಗರಿಕರ ಕಂಪ್ಯೂಟರುಗಳೊಳಗೆ ಗುಟ್ಟಾಗಿ ಪ್ರವೇಶಿಸುವ ಅಧಿಕಾರ ಕೊಟ್ಟು ಕಾನೂನು ಮಾಡಿತ್ತು. ಅದನ್ನು ಪ್ರಶ್ನಿಸಿ ಹೋದವರಲ್ಲಿ ಹಿಂದೆ ದೇಶದ ಗೃಹಮಂತ್ರಿಯಾಗಿದ್ದ ಗೆರ್ಹಾರ್ಟ್ ಬೌಮ್ ಅವರೂ ಇದ್ದರು. ಪೊಲೀಸ್ ಆಡಳಿತವನ್ನು ಒಳಗಿನಿಂದ ಬಲ್ಲವರೊಬ್ಬರು ಅದರ ಮಿತಿಗಾಗಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದ್ದು ನನಗೆ ಬಹಳ ಮಹತ್ವದ್ದೆನಿಸುತ್ತದೆ.

2008ರ ಫೆಬ್ರವರಿ 27ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿತು. ಪತ್ರ ವ್ಯವಹಾರದ ಗೋಪ್ಯತೆ, ಮನೆಯ ಅಭೇದ್ಯತೆ ಎಂಬ ಹಳೆಯ ಹಕ್ಕುಗಳು ಈ ಹೊಸ ಅಪಾಯವನ್ನು ಪೂರ್ತಿಯಾಗಿ ತಡೆಯಲಾರವು ಎಂದು ಕಂಡುಕೊಂಡು, ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಗೋಪ್ಯತೆಯೂ ಸಮಗ್ರತೆಯೂ ಖಾತರಿಯಾಗಿರಬೇಕೆಂಬುದೇ ಒಂದು ಮೂಲಭೂತ ಹಕ್ಕು ಎಂದು ಸಾರಿತು. ಗೋಪ್ಯತೆಯ ಜೊತೆಗೆ ಸಮಗ್ರತೆಯನ್ನೂ ಸೇರಿಸಿದ್ದನ್ನು ಗಮನಿಸಬೇಕು. ನನ್ನ ಯಂತ್ರವನ್ನು ಇತರರು ಓದಬಾರದು ಎಂಬುದರ ಜೊತೆಗೆ ಅದನ್ನು ಇತರರು ತಿದ್ದಬಾರದು ಎಂಬುದೂ ನನ್ನ ಹಕ್ಕು. ಜೀವ, ದೇಹ, ಸ್ವಾತಂತ್ರ್ಯಗಳಿಗೆ ಅಥವಾ ರಾಜ್ಯದ ಬುನಾದಿಗೇ ಅಪಾಯವಿದೆ ಎನ್ನಲು ವಾಸ್ತವಿಕ ಆಧಾರವಿದ್ದಾಗ ಮಾತ್ರ, ಅದೂ ನ್ಯಾಯಾಧೀಶರ ಆದೇಶದ ಮೇಲೆಯೇ ಇಂಥ ಪ್ರವೇಶ ನಡೆಯಬಹುದು ಎಂದು ನ್ಯಾಯಾಲಯ ಹೇಳಿತು. ಖಾಸಗಿ ಬದುಕಿನ ತಿರುಳಿಗೆ ಸೇರಿದ ಸಂಗತಿಗಳು ಕೈಗೆ ಬಂದರೆ ಅವನ್ನು ಬಳಸದೆ ಅಳಿಸಿಹಾಕಬೇಕೆಂದೂ ವಿಧಿಸಿತು. ಸಾಮಾನ್ಯ ಅಪರಾಧಗಳಿಗೆಲ್ಲ ಈ ಅಸ್ತ್ರವಿಲ್ಲ ಎಂಬುದು ಇದರ ಸಾರ. ಅದೇ ನ್ಯಾಯಾಲಯ 2025ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗರಿಷ್ಠ ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧಗಳ ತನಿಖೆಗೆ ಸಾಧನದೊಳಗೆ ನುಗ್ಗಿ ಸಂಭಾಷಣೆ ಕದ್ದಾಲಿಸುವುದು ಸಲ್ಲದು ಎಂದಿತು.

ಇಷ್ಟು ಒಳ್ಳೆಯ ತೀರ್ಪು ಬಂದ ದೇಶದಲ್ಲೇ ಮುಂದೆ ಏನಾಯಿತು ಎಂಬುದು, ವಾರಂಟ್ ಮಾತ್ರ ಏಕೆ ಸಾಲದು ಎಂಬುದಕ್ಕೆ ಅತ್ಯುತ್ತಮ ನಿದರ್ಶನ. 2011ರ ಅಕ್ಟೋಬರಿನಲ್ಲಿ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ತಂತ್ರಜ್ಞರ ಸಂಘ ತನ್ನ ಕೈಗೆ ಬಂದ ಹಾರ್ಡ್ ಡಿಸ್ಕುಗಳಲ್ಲಿ ಸಿಕ್ಕ ಪೊಲೀಸ್ ತಂತ್ರಾಂಶವನ್ನು ಬಿಡಿಸಿ ನೋಡಿ ವರದಿ ಪ್ರಕಟಿಸಿತು. ಅಂತರ್ಜಾಲದ ಮೂಲಕ ನಡೆಯುವ ಸಂಭಾಷಣೆಯನ್ನು ಮೂಲದಲ್ಲೇ ಕೇಳಿಸಿಕೊಳ್ಳುವುದಕ್ಕಷ್ಟೇ ಇಂಥ ತಂತ್ರಾಂಶಕ್ಕೆ ಅವಕಾಶವಿತ್ತು. ಆದರೆ ಸಿಕ್ಕಿದ ತಂತ್ರಾಂಶ ಪರದೆಯ ಚಿತ್ರಗಳನ್ನು ತೆಗೆಯುತ್ತಿತ್ತು. ದೂರದಿಂದ ಹೊಸ ಪ್ರೋಗ್ರಾಮುಗಳನ್ನು ಇಳಿಸಿ ಓಡಿಸುವ ಬಾಗಿಲು ಅದರಲ್ಲಿತ್ತು, ಅಂದರೆ ಯಾವ ಮಿತಿಯೂ ಅದಕ್ಕಿರಲಿಲ್ಲ. ಅದು ಹೊರಗೆ ಕಳಿಸುವ ಮಾಹಿತಿಗೆ ಬಳಸಿದ್ದು ಎಲ್ಲೆಡೆ ಒಂದೇ ಆದ, ಬದಲಾಗದ ಕೀಲಿ. ಅದಕ್ಕೆ ಬರುವ ಆಜ್ಞೆಗಳಿಗಂತೂ ಗೂಢಲಿಪಿಯೂ ಇರಲಿಲ್ಲ, ಕಳಿಸಿದವರು ನಿಜವಾಗಿ ಪೊಲೀಸರೇ ಎಂದು ಖಚಿತಪಡಿಸಿಕೊಳ್ಳುವ ಏರ್ಪಾಡೂ ಇರಲಿಲ್ಲ. ಮಾಹಿತಿ ಹರಿದದ್ದು ಅಮೆರಿಕದಲ್ಲಿದ್ದ ಬಾಡಿಗೆ ಸರ್ವರಿನ ಮೂಲಕ. ಸ್ವಲ್ಪ ಜಾಣತನವಿರುವ ಯಾರು ಬೇಕಾದರೂ ಆ ಯಂತ್ರವನ್ನು ತಮ್ಮ ವಶಕ್ಕೆ ತೆಗೆದುಕೊಂಡು ಅದರಲ್ಲಿ ಏನನ್ನಾದರೂ ಇಡಬಹುದಿತ್ತು.

ಇಂಥ ತಂತ್ರಾಂಶವನ್ನು ಬಳಸಿದ್ದನ್ನು ಬವೇರಿಯ ರಾಜ್ಯದ ಅಧಿಕಾರಿಗಳು ಒಪ್ಪಿಕೊಂಡರು. ಅದೇ ವರ್ಷದ ಜನವರಿಯಲ್ಲೇ ಅಲ್ಲಿನ ಲಾಂಡ್ಸ್‌ಹೂಟ್ ನ್ಯಾಯಾಲಯ, ಶಂಕಿತನೊಬ್ಬನ ಪರದೆಯ ಚಿತ್ರವನ್ನು 30 ಸೆಕೆಂಡಿಗೊಮ್ಮೆ ತೆಗೆದುಕೊಂಡದ್ದು ಕಾನೂನುಬಾಹಿರವೆಂದು ಹೇಳಿತ್ತು. ಯೋಚಿಸಿ ನೋಡಿ: ಅಲ್ಲಿ ನ್ಯಾಯಾಲಯದ ಅನುಮತಿ ಇತ್ತು, ತನಿಖಾಧಿಕಾರಿಗಳು ಕಾನೂನಿನ ಪ್ರಕಾರವೇ ಅರ್ಜಿ ಹಾಕಿದ್ದರು. ಅನುಮತಿ ಕೊಟ್ಟ ನ್ಯಾಯಾಧೀಶರು ಕಾಗದದ ಮೇಲಿನ ವಿವರಣೆಯನ್ನು ಓದಿದರೇ ಹೊರತು ತಂತ್ರಾಂಶ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ನೋಡುವ ಸಾಧನ ಅವರ ಬಳಿ ಇರಲಿಲ್ಲ. ಹೊರಗಿನವರ ಕೈಗೆ ಆ ಡಿಸ್ಕುಗಳು ಸಿಗದೇ ಹೋಗಿದ್ದರೆ ಈ ದೋಷಗಳು ಬೆಳಕಿಗೆ ಬರುತ್ತಿದ್ದುವೇ ಎಂಬುದು ನನ್ನ ಅನುಮಾನ.

ಇಲ್ಲಿಂದ ನಾನು ಎಲ್ಲಕ್ಕಿಂತ ಹೆಚ್ಚು ಕಾಳಜಿಯಿಂದ ಹೇಳಬೇಕಾದ ವಿಷಯ ಶುರುವಾಗುತ್ತದೆ. ಖಾಸಗಿತನದ ಚರ್ಚೆಯಲ್ಲಿ ಅದು ಹಿಂದೆ ಸರಿದುಬಿಡುತ್ತದೆ. ಅದು ಸಾಕ್ಷ್ಯದ ಪ್ರಶ್ನೆ. ಜಪ್ತಿಯಾದ ಡಿಸ್ಕನ್ನು ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುವುದಿಲ್ಲ. ನಡುವೆ ರೈಟ್ ಬ್ಲಾಕರ್ ಎಂಬ ಪುಟ್ಟ ಪೆಟ್ಟಿಗೆಯನ್ನಿಡುತ್ತಾರೆ. ಅದು ಓದುವ ಆಜ್ಞೆಗಳನ್ನು ಮಾತ್ರ ಡಿಸ್ಕಿಗೆ ಬಿಟ್ಟು, ಬರೆಯುವ ಆಜ್ಞೆಗಳನ್ನು ತಡೆಯುತ್ತದೆ. ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ ಡಿಸ್ಕಿನ ಪೂರ್ತಿ ಪ್ರತಿಯನ್ನು ತೆಗೆದು, ಮೂಲಕ್ಕೂ ಪ್ರತಿಗೂ ಹ್ಯಾಶ್ ಮೌಲ್ಯವನ್ನು, ಅಂದರೆ ಡಿಸ್ಕಿನ ಬೆರಳಚ್ಚಿನಂಥ ಗುರುತನ್ನು, ಲೆಕ್ಕಹಾಕುತ್ತಾರೆ. ಈಗ ಸಾಮಾನ್ಯವಾಗಿ ಬಳಸುವ ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳ ಒಂದು ಸಾಲು. ಇಡೀ ಡಿಸ್ಕಿನಲ್ಲಿ ಒಂದೇ ಒಂದು ಅಲ್ಪವಿರಾಮವನ್ನು ಬದಲಿಸಿದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಆ ಸಾಲು ಪಂಚನಾಮೆಯಲ್ಲೋ ವರದಿಯಲ್ಲೋ ದಾಖಲಾದರೆ, ವರ್ಷಗಳ ನಂತರವೂ ಪ್ರತಿವಾದಿಯ ವಕೀಲರು ತಮ್ಮದೇ ತಜ್ಞರಿಂದ ಮತ್ತೆ ಲೆಕ್ಕ ಹಾಕಿಸಿ, ಡಿಸ್ಕನ್ನು ಜಪ್ತಿಯ ನಂತರ ಯಾರೂ ಮುಟ್ಟಿಲ್ಲ ಎಂಬುದನ್ನು ತಾವೇ ಖಚಿತಪಡಿಸಿಕೊಳ್ಳಬಹುದು. ಪೊಲೀಸರ ಮಾತನ್ನು ನಂಬಬೇಕಾದ ಅಗತ್ಯವೇ ಇರುವುದಿಲ್ಲ. ಸಾಕ್ಷ್ಯದ ಬಲ ಇರುವುದು ಅಲ್ಲೇ.

ದೂರದಿಂದ ನಡೆಯುವ ಗುಪ್ತ ಪ್ರವೇಶದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಯಂತ್ರ ಚಾಲೂ ಇರುತ್ತದೆ, ಅದರೊಳಗಿನ ಕಡತಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಪೊಲೀಸರ ತಂತ್ರಾಂಶ ಅಲ್ಲಿ ನೆಲೆಯೂರಬೇಕಾದರೆ ತಾನೇ ಡಿಸ್ಕಿನ ಮೇಲೆ ಅಥವಾ ಮೆಮೊರಿಯಲ್ಲಿ ಬರೆಯಬೇಕು, ಸೆಟ್ಟಿಂಗುಗಳನ್ನು ಬದಲಿಸಬೇಕು, ತನ್ನ ಜಾಡನ್ನು ಮರೆಮಾಡಿಕೊಳ್ಳಬೇಕು. ಬ್ಲಾಕರ್ ಇಡುವ ಜಾಗವೇ ಅಲ್ಲಿಲ್ಲ. ಓದಲು ಬಿಡುವ ಅದೇ ಅಧಿಕಾರ ಬರೆಯಲೂ ಬಿಡುತ್ತದೆ. ಪ್ರಾಮಾಣಿಕ ಅಧಿಕಾರಿಗಳೇ ಒಳಹೊಕ್ಕು ನಿಜವಾದ ಅಪರಾಧಿಯ ನಿಜವಾದ ಕಡತವನ್ನೇ ತಂದರೂ, ‘ಇದು ಮೊದಲಿನಿಂದ ಅಲ್ಲಿತ್ತು, ನೀವು ಇಟ್ಟದ್ದಲ್ಲ’ ಎಂದು ನ್ಯಾಯಾಲಯದಲ್ಲಿ ತೋರಿಸುವುದು ಕಷ್ಟವಾಗುತ್ತದೆ. ಮತ್ತೊಂದು ಕಡೆ, ನಿರಪರಾಧಿಯೊಬ್ಬರ ಯಂತ್ರದಲ್ಲಿ ಯಾರೋ ಕಡತವಿಟ್ಟಿದ್ದರೆ ಅದನ್ನು ತೋರಿಸುವುದು ಅವರಿಗೆ ಇನ್ನೂ ಕಷ್ಟ. ತಪ್ಪು ಮಾಡದವರಿಗೆ ಭಯವೇಕೆ ಎಂಬುದಕ್ಕೆ ಇದು ನನ್ನ ಎರಡನೆಯ ಉತ್ತರ. ತಪ್ಪು ಮಾಡಿಲ್ಲವೆಂಬುದನ್ನು ಸಾಬೀತುಪಡಿಸುವ ದಾರಿಯನ್ನೇ ಈ ಕ್ರಮ ಮಸುಕು ಮಾಡುತ್ತದೆ.

ದೋಷಗಳ ಸಂಗ್ರಹದಿಂದ ಹುಟ್ಟುವ ಅಪಾಯ ಬೇರೆಯದು. ಬ್ರೌಸರಿನ ಒಂದು ದೋಷವನ್ನು ಪೊಲೀಸರು ತನಿಖೆಗಾಗಿ ಬಳಸಬೇಕಾದರೆ ಅದು ರಿಪೇರಿಯಾಗದೆ ಉಳಿದಿರಬೇಕು. ಆ ದೋಷ ಇರುವುದು ಶಂಕಿತರ ಯಂತ್ರವೊಂದರಲ್ಲೇ ಅಲ್ಲ. ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ಪೊಲೀಸ್ ಠಾಣೆಯ ಕಂಪ್ಯೂಟರುಗಳಲ್ಲಿಯೂ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ವಿಂಡೋಸ್‌ನ ಒಂದು ದೋಷವನ್ನು ಬಳಸುವ ಎಟರ್ನಲ್‌ಬ್ಲೂ ಎಂಬ ಸಾಧನವನ್ನು ರೂಪಿಸಿಕೊಂಡಿತ್ತು. ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ಆ ದೋಷವನ್ನು ಸರಿಪಡಿಸುವ ಪ್ಯಾಚ್ ಕೊಟ್ಟಿತು, ಏಪ್ರಿಲ್‌ನಲ್ಲಿ ಸಾಧನ ಸೋರಿಕೆಯಾಯಿತು. ಮೇ 12ರಂದು ಅದನ್ನೇ ಬಳಸಿಕೊಂಡು ಹರಡಿದ ವಾನಾಕ್ರೈ ಎಂಬ ಸುಲಿಗೆಯ ಕುತಂತ್ರಾಂಶ, ಪ್ಯಾಚ್ ಹಾಕಿಕೊಳ್ಳದ ಯಂತ್ರಗಳನ್ನು ಸುಮಾರು 150 ದೇಶಗಳಲ್ಲಿ ಹಿಡಿದು ಕೂರಿಸಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳು ರದ್ದಾದವು. ಎಟರ್ನಲ್‌ಬ್ಲೂ ಪೊಲೀಸರ ಸಾಧನವಾಗಿರಲಿಲ್ಲ, ಗುಪ್ತಚರ ಸಂಸ್ಥೆಯದು. ಆದರೆ ಪಾಠ ಎರಡಕ್ಕೂ ಅನ್ವಯಿಸುತ್ತದೆ. ಇಂಥ ಸಾಧನಗಳನ್ನು ಪೊಲೀಸರಿಗೆ ಮಾರುತ್ತಿದ್ದ ಇಟಲಿಯ ಹ್ಯಾಕಿಂಗ್ ಟೀಮ್ ಕಂಪನಿಯೇ 2015ರಲ್ಲಿ ಹ್ಯಾಕ್ ಆಗಿ ಅದರ ಸುಮಾರು 400 ಗಿಗಾಬೈಟ್ ಮಾಹಿತಿ ಬೀದಿಗೆ ಬಿತ್ತು. ಸಾಧನವನ್ನು ಕಾಪಾಡಿಕೊಳ್ಳುವ ಶಕ್ತಿ ತಮಗಿದೆ ಎಂದು ಯಾವ ಇಲಾಖೆ ಹೇಳಿದರೂ ನಾನು ಆಧಾರ ಕೇಳುತ್ತೇನೆ.

ಒಂದು ವಾರಂಟ್ ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಗಡಿಯ ಪ್ರಶ್ನೆಗೆ ಅಮೆರಿಕದ ಒಂದು ಪ್ರಕರಣ ಸಾಕು. 2015ರ ಫೆಬ್ರವರಿಯಲ್ಲಿ ಎಫ್‌ಬಿಐ, ಟಾರ್ ಜಾಲದಲ್ಲಿದ್ದ ಪ್ಲೇಪೆನ್ ಎಂಬ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳ ತಾಣವನ್ನು ವಶಕ್ಕೆ ತೆಗೆದುಕೊಂಡು ಸುಮಾರು ಎರಡು ವಾರ ತಾನೇ ನಡೆಸಿತು. ವರ್ಜೀನಿಯಾದ ಒಬ್ಬ ಮ್ಯಾಜಿಸ್ಟ್ರೇಟ್ ಕೊಟ್ಟ ಒಂದೇ ವಾರಂಟಿನ ಮೇಲೆ, ಆ ತಾಣಕ್ಕೆ ಲಾಗಿನ್ ಆದವರ ಯಂತ್ರಗಳಿಗೆ ಸಣ್ಣ ತಂತ್ರಾಂಶ ಕಳಿಸಿ ಅವರ ನಿಜವಾದ ಅಂತರ್ಜಾಲ ವಿಳಾಸ (ಐಪಿ) ಪತ್ತೆಹಚ್ಚಿತು. 8,000ಕ್ಕೂ ಹೆಚ್ಚು ಕಂಪ್ಯೂಟರುಗಳು, 120 ದೇಶಗಳು. ಹಿಡಿದದ್ದು ಘೋರ ಅಪರಾಧವನ್ನು, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳು ಪಾರಾದದ್ದು ನಿಜವಾದ ಲಾಭ. ಆದರೆ ತನ್ನ ಜಿಲ್ಲೆಯಾಚೆಗೆ ವಾರಂಟ್ ಕೊಡುವ ಅಧಿಕಾರ ಆ ಮ್ಯಾಜಿಸ್ಟ್ರೇಟರಿಗೆ ಇರಲಿಲ್ಲವೆಂದು ಹಲವು ನ್ಯಾಯಾಲಯಗಳು ಹೇಳಿದವು, ತನಿಖಾಧಿಕಾರಿಗಳ ಸದ್ಭಾವನೆಯನ್ನು ಮನ್ನಿಸಿ ಹೆಚ್ಚಿನ ಪ್ರಕರಣಗಳಲ್ಲಿ ಸಾಕ್ಷ್ಯವನ್ನು ಉಳಿಸಿಕೊಂಡವು. ಬಳಸಿದ ತಂತ್ರಾಂಶದ ಕೋಡನ್ನು ಪ್ರತಿವಾದಿಯ ತಜ್ಞರಿಗೆ ತೋರಿಸಲು ಒಪ್ಪದೆ, ಸರ್ಕಾರವೇ 2017ರಲ್ಲಿ ಒಂದು ಮೊಕದ್ದಮೆಯನ್ನು ಕೈಬಿಟ್ಟಿತು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ಪ್ರಕರಣವೊಂದು ವಿಚಾರಣೆಯೇ ಇಲ್ಲದೆ ಬಿದ್ದುಹೋದದ್ದು ನನಗೆ ಅತೀವ ನೋವಿನ ಸಂಗತಿ. ಗುಟ್ಟಿನ ಸಾಧನವನ್ನು ಪರಿಶೀಲನೆಗೆ ಒಡ್ಡುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳದಿದ್ದರೆ ಸೋಲುವುದು ಖಾಸಗಿತನದ ಪರ ವಾದಿಸುವವರಷ್ಟೇ ಅಲ್ಲ, ಸಂತ್ರಸ್ತರೂ ಸೋಲುತ್ತಾರೆ. 2016ರ ಡಿಸೆಂಬರ್ 1ರಿಂದ ಅಲ್ಲಿನ ಫೆಡರಲ್ ಕ್ರಿಮಿನಲ್ ಪ್ರಕ್ರಿಯೆಯ 41ನೇ ನಿಯಮ ಬದಲಾಗಿದೆ. ಸ್ಥಳವನ್ನು ತಾಂತ್ರಿಕವಾಗಿ ಮರೆಮಾಡಿದ್ದರೆ ಜಿಲ್ಲೆಯ ಹೊರಗಿನ ಯಂತ್ರಕ್ಕೂ ವಾರಂಟ್ ಕೊಡಬಹುದು. ಇತರ ದೇಶಗಳ ನೆಲದಲ್ಲಿರುವ ಯಂತ್ರಗಳ ಪ್ರಶ್ನೆಗೆ ಈ ತಿದ್ದುಪಡಿಯಲ್ಲಿ ಉತ್ತರವಿಲ್ಲ.

ಬ್ರಿಟನ್ನಿನ ಕಥೆಯಲ್ಲಿ ಒಂದು ನಿಧಾನವಾದ ಸುಧಾರಣೆ ಕಾಣುತ್ತದೆ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಕೈಹಾಕುವುದನ್ನು 1990ರ ಕಾನೂನು ಅಪರಾಧವೆಂದು ಮಾಡಿತು. 1997ರ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಆಸ್ತಿಯೊಳಗೆ ಗುಟ್ಟಾಗಿ ಪ್ರವೇಶಿಸಲು ಅನುಮತಿ ಕೊಡುತ್ತಿದ್ದವರು ಪೊಲೀಸ್ ಮುಖ್ಯಸ್ಥರೇ. ವಾಸದ ಮನೆ, ಗೋಪ್ಯ ಮಾಹಿತಿ ಇಂಥ ಸಂದರ್ಭಗಳಲ್ಲಿ ಮಾತ್ರ ಕಣ್ಗಾವಲು ಆಯುಕ್ತರ ಮುನ್ನೊಪ್ಪಿಗೆ ಬೇಕಿತ್ತು. ಇದೇ ಅಧಿಕಾರದಡಿ ದೂರದಿಂದ ಮನೆಗಳ ಕಂಪ್ಯೂಟರುಗಳನ್ನು ಶೋಧಿಸುವುದು ಹೆಚ್ಚಲಿದೆ ಎಂಬ ಸುದ್ದಿ 2009ರ ಜನವರಿಯಲ್ಲಿ ಬಂದಾಗ ಅಲ್ಲಿ ದೊಡ್ಡ ವಿರೋಧ ಎದ್ದಿತು. ತನಿಖೆ ಮಾಡುವವರೇ ಅನುಮತಿಯನ್ನೂ ಕೊಟ್ಟುಕೊಳ್ಳುವುದು ಸರಿಯಲ್ಲ ಎಂಬುದು ಆಕ್ಷೇಪದ ತಿರುಳು, ಅದು ಸರಿಯಾದ ಆಕ್ಷೇಪವೂ ಹೌದು. 2016ರ ತನಿಖಾ ಅಧಿಕಾರಗಳ ಕಾಯ್ದೆ ಇದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮಾಡಿ, ಪೊಲೀಸ್ ಮುಖ್ಯಸ್ಥರು ಹೊರಡಿಸುವ ವಾರಂಟನ್ನು ನ್ಯಾಯಿಕ ಆಯುಕ್ತರು ಒಪ್ಪಬೇಕೆಂದು ವಿಧಿಸಿತು. ಬಳಸುವ ವಿಧಾನಗಳು ತೀರಾ ವಿಶಾಲವಾಗಿವೆ ಎಂಬ ಟೀಕೆ ನನಗೂ ಒಪ್ಪಿಗೆಯೇ. ಆದರೂ ಕಾನೂನಿನ ಪುಸ್ತಕದಲ್ಲಿ ಹೆಸರಿಟ್ಟು ಬರೆದ ಅಧಿಕಾರ, ಹಳೆಯ ಕಾನೂನಿನ ಸಂದಿಯಲ್ಲಿ ಅಡಗಿದ್ದ ಅಧಿಕಾರಕ್ಕಿಂತ ಮೇಲು. ಅದನ್ನು ಪ್ರಶ್ನಿಸಲಾದರೂ ಬರುತ್ತದೆ.

ಭಾರತದ ಸ್ಥಿತಿಯನ್ನು ಚಿಕ್ಕದಾಗಿ ಹೇಳುವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನುಗಳ ಪ್ರಕಾರ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದ ಅನುಮತಿಯಿಲ್ಲದ ಪ್ರವೇಶ ಶಿಕ್ಷಾರ್ಹ. 69ನೇ ಸೆಕ್ಷನ್ ಕಂಪ್ಯೂಟರಿನಲ್ಲಿರುವ ಅಥವಾ ಅದರ ಮೂಲಕ ಹಾದುಹೋಗುವ ಮಾಹಿತಿಯನ್ನು ತಡೆದು ನೋಡಲು, ಗಮನಿಸಲು, ಗೂಢಲಿಪಿ ಬಿಡಿಸಲು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಸಾಧನದೊಳಗೆ ತಂತ್ರಾಂಶ ನೆಡುವ ಬಗ್ಗೆ ಅದರಲ್ಲಿ ಸ್ಪಷ್ಟ ಮಾತಿಲ್ಲ. 2009ರ ನಿಯಮಗಳ ಪ್ರಕಾರ ಆದೇಶ ಕೊಡುವವರು ಗೃಹ ಕಾರ್ಯದರ್ಶಿಗಳು, ಪರಿಶೀಲಿಸುವುದು ಅಧಿಕಾರಿಗಳದೇ ಸಮಿತಿ, ನ್ಯಾಯಾಧೀಶರ ಪಾತ್ರವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿ, ಅದನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇರಬೇಕೆಂದಿತು. ಅಳತೆಗೋಲು ಸಿಕ್ಕಿದೆ. ಗುಪ್ತ ಗಣಕ ಪ್ರವೇಶವನ್ನು ಅದರಿಂದ ಅಳೆಯುವಂಥ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ.

ಹಾಗಾದರೆ ಎಂಥ ಕಾನೂನು ಬೇಕು ಎಂದು ನೀವು ಕೇಳುವುದು ಸಹಜ. ಅನುಮತಿ ಕೊಡುವವರು ತನಿಖೆಯಿಂದ ಹೊರಗಿನ ನ್ಯಾಯಾಧೀಶರಾಗಿರಬೇಕು, ಅಪರಾಧ ಗಂಭೀರವಾಗಿರಬೇಕು, ಬೇರೆ ದಾರಿಯಿಲ್ಲವೆಂದು ತೋರಿಸಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅದಕ್ಕಿಂತ ಮುಂದೆ ಹೋಗಿ, ಬಳಸುವ ತಂತ್ರಾಂಶವನ್ನು ಪೊಲೀಸರಲ್ಲದ ತಜ್ಞರು ಮೊದಲೇ ಪರೀಕ್ಷಿಸಿ, ವಾರಂಟ್ ಹೇಳುವುದಕ್ಕಿಂತ ಹೆಚ್ಚಿನದನ್ನು ಅದು ಮಾಡಲಾರದೆಂದು ದೃಢೀಕರಿಸಬೇಕು. ಒಳಗೆ ಹೋದವರು ಕೊಟ್ಟ ಪ್ರತಿಯೊಂದು ಆಜ್ಞೆಯೂ, ತಂದ ಪ್ರತಿಯೊಂದು ಕಡತವೂ ಆ ಕ್ಷಣದಲ್ಲೇ ಹ್ಯಾಶ್ ಸಮೇತ ದಾಖಲಾಗಿ, ತನಿಖಾಧಿಕಾರಿಗಳ ಕೈಗೆಟುಕದ ಜಾಗಕ್ಕೆ, ಉದಾಹರಣೆಗೆ ನ್ಯಾಯಾಲಯದ ವಶಕ್ಕೆ ಹೋಗಬೇಕು. ಕಾರ್ಯಾಚರಣೆ ಮುಗಿದ ಮೇಲೆ ಗೊತ್ತುಪಡಿಸಿದ ಅವಧಿಯಲ್ಲಿ ಸಂಬಂಧಪಟ್ಟವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ತನಿಖೆಗೆ ಧಕ್ಕೆಯಾಗುವುದಾದರೆ ಮುಂದೂಡಬಹುದು, ಆದರೆ ಪ್ರತಿ ಮುಂದೂಡಿಕೆಗೂ ನ್ಯಾಯಾಧೀಶರ ಒಪ್ಪಿಗೆ ಬೇಕು. ನನ್ನ ಮಟ್ಟಿಗೆ ಈ ತಿಳಿವಳಿಕೆಯೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಇಂದಲ್ಲ ನಾಳೆ ಆ ವ್ಯಕ್ತಿಗೆ ಎಲ್ಲವೂ ತಿಳಿಯುತ್ತದೆ, ಅವರ ವಕೀಲರು ಈ ದಾಖಲೆಯನ್ನು ತೆರೆಯುತ್ತಾರೆ ಎಂಬ ಅರಿವಿದ್ದಾಗ ಒಳಗಿರುವ ಕೈ ತಾನಾಗಿಯೇ ಮಿತಿಯಲ್ಲಿರುತ್ತದೆ.

ಕೊನೆಗೆ, ನೀವು ಏನು ಮಾಡಬಹುದು ಎಂಬ ಪ್ರಶ್ನೆ. ದೃಢನಿಶ್ಚಯದ ಸರ್ಕಾರಿ ಸಂಸ್ಥೆಯೊಂದು ನಿಮ್ಮ ಯಂತ್ರವನ್ನೇ ಗುರಿಯಾಗಿಸಿದರೆ ತಡೆಯುವುದು ಸಾಮಾನ್ಯರಿಗೆ ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅಪ್‌ಡೇಟುಗಳನ್ನು ಬಂದ ದಿನವೇ ಹಾಕಿಕೊಳ್ಳುವುದು, ನಿರೀಕ್ಷಿಸದ ಲಗತ್ತುಗಳನ್ನು ತೆರೆಯದಿರುವುದು, ಮನೆಯವರಿಗೆಲ್ಲ ಒಂದೇ ಖಾತೆ ಇಟ್ಟುಕೊಳ್ಳದಿರುವುದು ಇವು ಕಳ್ಳರಿಂದಲೂ ಕಾಪಾಡುವ ಅಭ್ಯಾಸಗಳು. ಮುಖ್ಯ ಕಡತಗಳ ಪ್ರತಿಯನ್ನು ಜಾಲಕ್ಕೆ ಜೋಡಿಸದ ಡಿಸ್ಕಿನಲ್ಲಿ ದಿನಾಂಕದೊಂದಿಗೆ ಇಟ್ಟಿದ್ದರೆ, ಮುಂದೆ ಯಂತ್ರದಲ್ಲಿ ಇದ್ದದ್ದೇನು, ಸೇರಿದ್ದೇನು ಎಂಬ ಪ್ರಶ್ನೆ ಬಂದಾಗ ಹೋಲಿಸಿ ನೋಡಲು ಆಧಾರವಾಗುತ್ತದೆ. ಯಾವುದೇ ಕಾರಣಕ್ಕೆ ಪೊಲೀಸರು ಬಹಿರಂಗವಾಗಿ ನಿಮ್ಮ ಕಂಪ್ಯೂಟರನ್ನು ಜಪ್ತಿ ಮಾಡಿದರೆ ಸೌಜನ್ಯದಿಂದಲೇ ಎರಡು ವಿಷಯ ಕೇಳಿ: ಹ್ಯಾಶ್ ಮೌಲ್ಯವನ್ನು ಜಪ್ತಿಯ ದಾಖಲೆಯಲ್ಲಿ ಬರೆಯಿರಿ, ಅದರ ಪ್ರತಿಯನ್ನು ನಮಗೂ ಕೊಡಿ. ಸ್ಥಳದಲ್ಲೇ ಲೆಕ್ಕ ಹಾಕಲು ಆಗುವುದಿಲ್ಲವೆಂದರೆ ಯಂತ್ರವನ್ನು ನಿಮ್ಮ ಎದುರಿಗೇ ಮೊಹರು ಮಾಡಿಸಿ, ಮೊಹರಿನ ಮೇಲೆ ನಿಮ್ಮ ಸಹಿಯನ್ನೂ ಹಾಕಿ, ಅದನ್ನು ಬಿಚ್ಚುವಾಗ ನಿಮ್ಮ ಪ್ರತಿನಿಧಿಗೆ ಹಾಜರಿರಲು ಅವಕಾಶ ಕೊಡಬೇಕೆಂದು ವಕೀಲರ ಮೂಲಕ ಬರಹದಲ್ಲಿ ಕೇಳಿಕೊಳ್ಳಿ. ಪ್ರಾಮಾಣಿಕ ತನಿಖಾಧಿಕಾರಿಗೆ ಇದರಿಂದ ಯಾವ ತೊಂದರೆಯೂ ಆಗುವುದಿಲ್ಲ, ಅವರ ಸಾಕ್ಷ್ಯಕ್ಕೂ ಇದರಿಂದ ಬಲವೇ ಬರುತ್ತದೆ.